ಮುನ್ನೂರ ತೊಂಬತ್ತಾರು ತಂಡಗಳ ನಾಡಿಗೆ ಇನ್ನೊಂದು ತಂಡ

ಕಾಫಿ ಕೊಯ್ಲು ಮುಗಿದು, ಕರಿಮೆಣಸು ಒಣಗಿ ಚೀಲ ಸೇರಿ, ಹೂಮಳೆ ಬಿದ್ದು ತೋಟ ಬೆಳ್ಳಗಾದ ಮೇಲೆ ಕೊಡಗಿನಲ್ಲಿ ಹಾಕಿಯ ಕಾಲ ಶುರುವಾಗುತ್ತದೆ. ಮುಂಗಾರು ಕಾಲಿಡುವ ತನಕ ಅದರದೇ ಮಾತು. ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ, ಪೇಟೆಯ ಗೊಬ್ಬರದಂಗಡಿಯ ಮುಂದೆ ಎಲ್ಲಿ ನಿಂತರೂ ಒಂದೇ ವಿಚಾರಣೆ: ನಿನ್ನೆ ಯಾವ ಮನೆ ಗೆದ್ದಿತು, ನಾಳೆ ಯಾರ ಮೇಲೆ ಯಾರು. ಗೆದ್ದದ್ದು ಊರಲ್ಲ, ಕ್ಲಬ್ಬಲ್ಲ, ಕಂಪನಿಯಲ್ಲ. ಗೆದ್ದದ್ದು ಒಂದು ಮನೆತನ, ಕೊಡವರ ಮಾತಿನಲ್ಲಿ ಒಂದು ಒಕ್ಕ.

2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಒಕ್ಕದವರು ನಡೆಸಿದ 25ನೇ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ 396 ಕುಟುಂಬಗಳು ಹೆಸರು ಕೊಟ್ಟವು. ಸೋತವರು ಹೊರಗೆ ಎಂಬ ನಿಯಮದ ಪಂದ್ಯಾವಳಿಯಿದು. ಕೊನೆಗೆ ಒಂದು ಮನೆ ಉಳಿಯಬೇಕಾದರೆ 395 ಮನೆಗಳು ಸೋಲಬೇಕು. ಕಪ್ ಎತ್ತಬೇಕೆಂದಿರುವ ಒಕ್ಕ ಎಂಟೋ ಒಂಬತ್ತೋ ಪಂದ್ಯಗಳನ್ನು ಸಾಲಾಗಿ ಗೆಲ್ಲಬೇಕು. ಒಂದು ದಿನ ಗೋಲಿಯ ಕಾಲು ಜಾರಿದರೆ, ಒಂದು ಪೆನಾಲ್ಟಿ ಕಾರ್ನರ್ ಕಂಬಕ್ಕೆ ಬಡಿದರೆ ಆ ವರ್ಷದ ಕಥೆ ಅಲ್ಲಿಗೇ ಮುಗಿಯಿತು. ದುಡ್ಡು ಕೊಟ್ಟು ಆಟಗಾರನನ್ನು ತರಿಸಿಕೊಳ್ಳುವ ದಾರಿ ಇಲ್ಲಿಲ್ಲ. ಪಕ್ಕದ ಮನೆಯ ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಅವನು ಪಕ್ಕದ ಮನೆಯವನೇ. ನಿಮ್ಮ ಮನೆಹೆಸರು ಹೊತ್ತವರಲ್ಲೇ ಹನ್ನೊಂದು ಮಂದಿಯನ್ನು ಹುಡುಕಬೇಕು.

ಹುಡುಕುವ ಕೆಲಸವೇ ಈ ಹಬ್ಬದ ಅರ್ಧ ಜೀವ. ದೊಡ್ಡ ಒಕ್ಕಗಳಿಗೆ ಕಷ್ಟವಿಲ್ಲ. ಗಂಡುಮಕ್ಕಳೆಲ್ಲ ಬೆಂಗಳೂರಿಗೋ ಸೈನ್ಯಕ್ಕೋ ಹೊರದೇಶಕ್ಕೋ ಹೋಗಿ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ದೀಪ ಹಚ್ಚಲು ನಾಲ್ಕು ಜನ ಉಳಿದಿರುವ ಸಣ್ಣ ಒಕ್ಕಗಳೂ ಇವೆ. ಅಂಥ ಮನೆಯ ಹಿರಿಯರಾದ ಪಟ್ಟೆದಾರ ಮಾರ್ಚ್ ಬಂದರೆ ಫೋನ್ ಹಿಡಿದು ಕೂರುತ್ತಾರೆ. ಸೈನ್ಯದವನಿಗೆ ರಜೆ ಸಿಗುತ್ತದೆಯೇ? ಐಟಿಯವನು ಶುಕ್ರವಾರ ರಾತ್ರಿ ಬಸ್ ಹತ್ತುತ್ತಾನೆಯೇ? ಹನ್ನೊಂದು ತುಂಬದಿದ್ದರೆ ಹೆಣ್ಣುಮಕ್ಕಳು ಸ್ಟಿಕ್ ಹಿಡಿದು ಇಳಿಯುತ್ತಾರೆ, ತುಂಬಿದ್ದರೂ ಇಳಿಯುತ್ತಾರೆ. ಅರವತ್ತು ದಾಟಿದ ಅಜ್ಜ ಫುಲ್‌ಬ್ಯಾಕ್ ನಿಂತು, ಹೈಸ್ಕೂಲಿನ ಮೊಮ್ಮಗಳು ಲೆಫ್ಟ್ ವಿಂಗ್‌ನಲ್ಲಿ ಓಡಿ, ನಡುವೆ ಅಪ್ಪ ಏದುಸಿರು ಬಿಡುತ್ತ ಚೆಂಡು ಹಂಚುವ ತಂಡಗಳನ್ನು ಇಲ್ಲಿ ಧಾರಾಳವಾಗಿ ಕಾಣಬಹುದು. ಎದುರಾಳಿಗಳಲ್ಲಿ ಭಾರತದ ಜೆರ್ಸಿ ತೊಟ್ಟು ಬಂದವನೊಬ್ಬ ಇದ್ದರೂ ಇರಬಹುದು. ಅಂಥ ಪಂದ್ಯ ಎಂಟು ಗೋಲಿನಿಂದ ಸೋತರೂ ಆ ಅಜ್ಜನಿಗೆ ಬೇಸರವಿಲ್ಲ. ಒಕ್ಕ ಕಣಕ್ಕೆ ಇಳಿದಿತ್ತು, ಹೆಸರು ಮೈಕಿನಲ್ಲಿ ಕೇಳಿತು.

ಇದನ್ನು ಕಟ್ಟಿದವರು ಪಾಂಡಂಡ ಕುಟ್ಟಪ್ಪ, ಎಲ್ಲರ ಬಾಯಲ್ಲಿ ಕುಟ್ಟಣಿ. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ, ಹಾಕಿಯ ತೀರ್ಪುಗಾರಿಕೆಯ ಅನುಭವ ಹೊತ್ತು ಊರಿಗೆ ಬಂದವರಿಗೆ ಒಂದು ಚಿಂತೆ ಕಾಡಿತ್ತು: ಕೊಡವ ಮನೆಗಳು ಚದುರುತ್ತಿವೆ, ಒಂದೇ ಒಕ್ಕದ ಮಕ್ಕಳಿಗೆ ಒಬ್ಬರನ್ನೊಬ್ಬರು ಗುರುತಿಸುವುದೇ ಕಷ್ಟವಾಗುತ್ತಿದೆ. ಎಲ್ಲರನ್ನೂ ಒಂದು ಕಡೆ ಸೇರಿಸುವ ಶಕ್ತಿ ಪುತ್ತರಿ, ಕೈಲ್ ಪೊಳ್ದ್ ಹಬ್ಬಗಳನ್ನು ಬಿಟ್ಟರೆ ಇನ್ಯಾವುದಕ್ಕಿದೆ? ಹಾಕಿಗಿದೆ ಎಂದು ಅವರಿಗೆ ಗೊತ್ತಿತ್ತು. 1997ರಲ್ಲಿ ವಿರಾಜಪೇಟೆ ಬಳಿಯ ಕರಡದಲ್ಲಿ ಸ್ವಂತ ಒಕ್ಕದ ಹೆಸರಿನಲ್ಲಿ ಪಾಂಡಂಡ ಕಪ್ ಇಟ್ಟರು. 60 ಕುಟುಂಬಗಳು ಬಂದವು. ಮರುವರ್ಷ ಇನ್ನೊಂದು ಒಕ್ಕ ಜವಾಬ್ದಾರಿ ಹೊತ್ತಿತು, ಅದರ ಮರುವರ್ಷ ಮತ್ತೊಂದು. ಪ್ರತಿ ವರ್ಷವೂ ನಡೆಸುವ ಮನೆಯ ಹೆಸರೇ ಕಪ್ಪಿಗೆ. ಹುಡುಗ ಹುಡುಗಿಯರು ಮೈದಾನದ ಬದಿಯಲ್ಲಿ ಒಬ್ಬರನ್ನೊಬ್ಬರು ನೋಡಲಿ, ನೆಂಟಸ್ತಿಕೆ ಕುದುರಲಿ ಎಂಬ ಆಸೆಯೂ ಕುಟ್ಟಣಿಯವರಿಗಿತ್ತು. ಅದೂ ಕೈಗೂಡಿತು.

2018ರ ಕುಲ್ಲೇಟಿರ ಕಪ್ ಮುಗಿದ ಕೆಲವೇ ತಿಂಗಳಿಗೆ ಆಗಸ್ಟ್ ಮಳೆಗೆ ಕೊಡಗಿನ ಗುಡ್ಡಗಳು ಕುಸಿದವು. 2019ರಲ್ಲಿ ಆಡುವ ಮನಸ್ಸು ಯಾರಿಗೂ ಇರಲಿಲ್ಲ. ಆಮೇಲೆ ಕೊರೊನಾ. 2020ರಲ್ಲಿ ಕುಟ್ಟಣಿಯವರು ತೀರಿಕೊಂಡಾಗ ಮೈದಾನಗಳು ಖಾಲಿಯಾಗಿದ್ದವು. ನಾಲ್ಕು ವರ್ಷದ ಬಿಡುವಿನ ನಂತರ 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕ ನಾಪೋಕ್ಲುವಿನಲ್ಲಿ ಹಬ್ಬವನ್ನು ಮತ್ತೆ ಎತ್ತಿ ನಿಲ್ಲಿಸಿತು. ಮರುವರ್ಷ ಅದೇ ನಾಪೋಕ್ಲುವಿನ ಚೆರಿಯಪರಂಬು ಮೈದಾನದಲ್ಲಿ ಕುಂಡ್ಯೋಳಂಡ ಒಕ್ಕದ ಆತಿಥ್ಯದಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ನಿಂತು ಹೋದದ್ದು ಮತ್ತೆ ಮೊದಲಿಗಿಂತ ದೊಡ್ಡದಾಗಿ ಬೆಳೆದ ಉದಾಹರಣೆಗಳು ನಮ್ಮ ಊರುಗಳಲ್ಲಿ ಹೆಚ್ಚಿಲ್ಲ. ಇದೊಂದು.

ಈ ಹಬ್ಬದ ಬಗ್ಗೆ ಬರೆಯುವಾಗಲೆಲ್ಲ ಅದರ ಸಂಭ್ರಮವನ್ನೇ ಬರೆದು ನಿಲ್ಲಿಸುವುದು ನಮ್ಮ ರೂಢಿ. ಕುಪ್ಯಚೇಲೆ, ವಾಲಗ, ಕಡಂಬುಟ್ಟು, ಪಂದಿಕರಿ, ಫೈನಲ್ ದಿನದ ಜನಸಾಗರ. ಎಲ್ಲವೂ ನಿಜ, ಎಲ್ಲವೂ ಚೆಂದ. ಆದರೆ ಹಾಕಿಯನ್ನು ಇಷ್ಟು ಪ್ರೀತಿಸುವ ನಾಡು ಹಾಕಿಯಿಂದ ಮರಳಿ ಏನು ಪಡೆಯುತ್ತಿದೆ ಎಂದು ಕೇಳುವ ಹೊತ್ತು ಬಂದಿದೆ. ಅದನ್ನು ಕೇಳಲು ನನಗೆ ನೆರವಾದದ್ದು ಅಮೆರಿಕದ ಒಂದು ಸಣ್ಣ ಪಟ್ಟಣ.

ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇಯ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಕರ್ನಾಟಕದಲ್ಲೇ ಅತಿ ಕಡಿಮೆ ಜನರಿರುವ ಜಿಲ್ಲೆಯಾದ ಕೊಡಗಿನಲ್ಲಿ 2011ರ ಜನಗಣತಿಯ ಪ್ರಕಾರ ಐದೂವರೆ ಲಕ್ಷ ಜನ. ಅಂದರೆ ಗ್ರೀನ್ ಬೇ ನಮ್ಮ ಕೊಡಗಿನ ಐದನೆಯ ಒಂದು ಭಾಗ. ಆ ಊರಿನಲ್ಲಿ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ತಂಡವೊಂದಿದೆ, ಹೆಸರು ಪ್ಯಾಕರ್ಸ್. ಮೈಮೇಲೆ ಕವಚ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕೆಂಬ ಲೆಕ್ಕದ ಆಟವದು. ನ್ಯೂಯಾರ್ಕ್, ಷಿಕಾಗೊ, ಡಾಲಸ್‌ಗಳಂಥ ಮಹಾನಗರಗಳ ನಡುವೆ 32 ತಂಡಗಳ ಲೀಗಿನಲ್ಲಿ ಈ ಪುಟ್ಟ ಊರು ಹೇಗೆ ಉಳಿಯಿತು? 1919ರಲ್ಲಿ ಸ್ಥಳೀಯ ಮಾಂಸ ಪ್ಯಾಕಿಂಗ್ ಕಂಪನಿಯೊಂದು ಜೆರ್ಸಿಗೆ ಕೊಟ್ಟ ದುಡ್ಡಿನಿಂದ ಶುರುವಾದ ತಂಡ ಕೆಲವೇ ವರ್ಷಗಳಲ್ಲಿ ಸಾಲಕ್ಕೆ ಬಿತ್ತು. 1923ರಲ್ಲಿ ಊರಿನವರೇ ಷೇರು ಕೊಂಡು ತಂಡವನ್ನು ಉಳಿಸಿಕೊಂಡರು. ಇಂದಿಗೂ ಅದಕ್ಕೆ ಒಬ್ಬ ಧಣಿ ಇಲ್ಲ. ಲಕ್ಷಾಂತರ ಜನ ಅದರ ಷೇರುದಾರರು. ಆ ಷೇರಿಗೆ ಲಾಭಾಂಶವಿಲ್ಲ, ಬೆಲೆ ಏರುವುದಿಲ್ಲ, ಮಾರುವಂತಿಲ್ಲ. ಮನೆಯವರಿಗೆ ವರ್ಗಾಯಿಸಬಹುದು, ಅಷ್ಟೆ. ಕೊಡಗಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಕ್ಕದ ಎಲ್ಲರಿಗೂ ಸೇರಿದ, ಯಾರೊಬ್ಬರದೂ ಅಲ್ಲದ ಜಮ್ಮಾ ಭೂಮಿ ನಿಮ್ಮ ಕಣ್ಣೆದುರೇ ಇದೆ.

ಆ ತಂಡದ 2010ರ ಋತು ಕ್ರೀಡೆಯ ಒಳ್ಳೆಯ ಕಥೆಗಳಲ್ಲೊಂದು. ಸೆಪ್ಟೆಂಬರಿನಲ್ಲಿ ಆಟ ಶುರುವಾದ ಕೂಡಲೇ ಗಾಯಗಳ ಸರಣಿ. ಹತ್ತಕ್ಕೂ ಹೆಚ್ಚು ಆಟಗಾರರು ಇಡೀ ಋತುವಿಗೇ ಹೊರಬಿದ್ದರು. ಡಿಸೆಂಬರಿನಲ್ಲಿ ಮುಖ್ಯ ಆಟಗಾರ ಆರನ್ ರಾಡ್ಜರ್ಸ್ ತಲೆಗೆ ಏಟು ಬಿದ್ದು ಒಂದು ಪಂದ್ಯಕ್ಕೆ ಹೊರಗುಳಿದರು. ತಂಡ ನ್ಯೂ ಇಂಗ್ಲೆಂಡ್ ಎದುರು 27–31ರಿಂದ ಸೋತಿತು. ಎಂಟು ಗೆಲುವು, ಆರು ಸೋಲು. ಇನ್ನೊಂದು ಸೋತರೂ ಕಥೆ ಮುಗಿದಂತೆ. ಉಳಿದ ಎರಡನ್ನೂ ಗೆದ್ದು, ಕೊನೆಯ ದಿನ ಷಿಕಾಗೊ ಬೇರ್ಸ್ ತಂಡವನ್ನು 10–3ರಿಂದ ಮಣಿಸಿ, ತಮ್ಮ ಗುಂಪಿನ ಆರನೆಯ ಹಾಗೂ ಕೊನೆಯ ಸ್ಥಾನದಿಂದ ನಾಕೌಟ್‌ಗೆ ನುಸುಳಿದರು. ಕೊನೆಯ ಸ್ಥಾನದವರಿಗೆ ತವರು ಮೈದಾನದ ಭಾಗ್ಯವಿಲ್ಲ. ಫಿಲಡೆಲ್ಫಿಯಾಕ್ಕೆ ಹೋಗಿ 21–16ರಿಂದ ಗೆದ್ದರು. ಅಟ್ಲಾಂಟಾಕ್ಕೆ ಹೋಗಿ 48–21. ಷಿಕಾಗೊಗೆ ಹೋಗಿ 21–14. 2011ರ ಫೆಬ್ರುವರಿ 6ರಂದು ಟೆಕ್ಸಾಸಿನ ಆರ್ಲಿಂಗ್ಟನ್ನಿನಲ್ಲಿ ಲಕ್ಷಕ್ಕೂ ಮೀರಿದ ಜನರೆದುರು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಜೊತೆ ಫೈನಲ್. 21–3ರ ಮುನ್ನಡೆ. ಮೊದಲರ್ಧದಲ್ಲೇ ಅನುಭವಿ ರಕ್ಷಕ ಚಾರ್ಲ್ಸ್ ವುಡ್ಸನ್ ಕೊರಳೆಲುಬು ಮುರಿದು ಹೊರನಡೆದರು. ಸ್ಟೀಲರ್ಸ್ ಬೆನ್ನಟ್ಟಿ 17–21ಕ್ಕೆ, ಆಮೇಲೆ 25–28ಕ್ಕೆ ಬಂದರು. ಕೊನೆಯ ಸೀಟಿ ಊದಿದಾಗ ಪ್ಯಾಕರ್ಸ್ 31, ಸ್ಟೀಲರ್ಸ್ 25.

ಗೆದ್ದ ತಂಡಕ್ಕೆ ಕೊಡುವ ಟ್ರೋಫಿಯ ಹೆಸರು ವಿನ್ಸ್ ಲೊಂಬಾರ್ಡಿ ಟ್ರೋಫಿ. ಸೂಪರ್ ಬೌಲ್ ಎಂದು ಕರೆಯುವ ಈ ಫೈನಲ್‌ನ ಮೊದಲೆರಡನ್ನು, 1967 ಮತ್ತು 1968ರಲ್ಲಿ, ಗ್ರೀನ್ ಬೇಗೆ ಗೆದ್ದುಕೊಟ್ಟ ತರಬೇತುದಾರ ಅವರು. ಕಪ್ ಮನೆಗೆ ಬಂದ ವರ್ಷವೇ ತಂಡ ಮೈದಾನ ವಿಸ್ತರಿಸಲು ಮತ್ತೆ ಷೇರು ಮಾರಿತು, ಒಂದಕ್ಕೆ 250 ಡಾಲರ್. ಏನೂ ಲಾಭ ತರದ ಆ ಕಾಗದವನ್ನು ಕೊಳ್ಳಲು ಎರಡೂವರೆ ಲಕ್ಷಕ್ಕೂ ಹೆಚ್ಚು ಕೈಗಳು ಮುಂದೆ ಬಂದವು. ಹಿಮ ಬಿದ್ದ ದಿನ ಊರಿನವರು ಸಲಿಕೆ ಹಿಡಿದು ಬಂದು ಮೈದಾನದ ಮೆಟ್ಟಿಲುಗಳ ಹಿಮ ತೆಗೆಯುವ ಪದ್ಧತಿ ಈಗಲೂ ಇದೆ. ಆ ತಂಡವನ್ನು ಬೇರೆ ಊರಿಗೆ ಎತ್ತಿಕೊಂಡು ಹೋಗುವ ಕೋಟ್ಯಧಿಪತಿ ಇನ್ನೂ ಹುಟ್ಟಿಲ್ಲ, ಏಕೆಂದರೆ ಮಾರಾಟಕ್ಕೆ ಯಾರೂ ಕೂತಿಲ್ಲ.

ಈಗ ಕೊಡಗಿಗೆ ಬರೋಣ. ಭಾರತದ ಹಾಕಿಗೆ ಈ ನಾಡು ಕೊಟ್ಟದ್ದು ಸಣ್ಣ ಲೆಕ್ಕವಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚಿನ ತಂಡದಲ್ಲಿ ಎಂ.ಪಿ. ಗಣೇಶ್ ಇದ್ದರು. ಮರುವರ್ಷ ಆಮ್‌ಸ್ಟೆಲ್‌ವೀನ್ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ತಂಡ ಫೈನಲ್ ತಲುಪಿ ನೆದರ್ಲೆಂಡ್ಸ್‌ಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತಿತು. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ಗೆದ್ದ ಏಕೈಕ ವಿಶ್ವಕಪ್‌ನಲ್ಲಿ ಬಿ.ಪಿ. ಗೋವಿಂದ ಆಡಿದರು. 1980ರ ಮಾಸ್ಕೋ ಚಿನ್ನದಲ್ಲಿ ಮನೆಯಪಂಡ ಸೋಮಯ್ಯ ಪಾಲುದಾರರು. ಹಲವು ದೇಶಗಳ ಬಹಿಷ್ಕಾರದಿಂದ ಆರೇ ತಂಡಗಳಿದ್ದ ಕೂಟವೆಂದು ಅದನ್ನು ಕೆಲವರು ಕಿರಿದಾಗಿಸುತ್ತಾರೆ. ನಾನು ಒಪ್ಪುವುದಿಲ್ಲ. ಪೋಲೆಂಡ್ ಎದುರೂ ಸ್ಪೇನ್ ಎದುರೂ 2–2ರ ಡ್ರಾ ಮಾಡಿಕೊಂಡು, ಆತಿಥೇಯ ಸೋವಿಯತ್ ತಂಡವನ್ನು 4–2ರಿಂದ ಸೋಲಿಸಿ, ಜುಲೈ 29ರ ಫೈನಲ್‌ನಲ್ಲಿ ಸ್ಪೇನಿನ ಹುವಾನ್ ಅಮಾತ್ ಹ್ಯಾಟ್ರಿಕ್ ಹೊಡೆದರೂ ಬಗ್ಗದೆ 4–3ರಿಂದ ಗೆದ್ದ ತಂಡವದು. ಅಲ್ಲಿಂದ ಇಲ್ಲಿಯವರೆಗೆ ಭಾರತದ ಹಾಕಿ ಮತ್ತೊಂದು ಒಲಿಂಪಿಕ್ ಚಿನ್ನ ಕಂಡಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ಗೆ ಅದೇ ಸೋಮಯ್ಯ ನಾಯಕ. ಗೋಲ್ ಕಾಯಲು ಅಂಜಪರವಂಡ ಸುಬ್ಬಯ್ಯ ಬಂದರು, ಆಮೇಲೆ ಭಾರತ ತಂಡಕ್ಕೆ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಬಂದರು.

2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟ ನನ್ನ ಮಟ್ಟಿಗೆ ಕೊಡಗಿನ ಹಾಕಿಯ ಶಿಖರ. ಅಕ್ಟೋಬರ್ 2ರ ಫೈನಲ್‌ನಲ್ಲಿ ಪಾಕಿಸ್ತಾನದೊಂದಿಗೆ 1–1, ಶೂಟೌಟ್‌ನಲ್ಲಿ 4–2. ಹದಿನಾರು ವರ್ಷಗಳ ನಂತರ ಏಷ್ಯನ್ ಚಿನ್ನ, ಜೊತೆಗೆ ರಿಯೊ ಒಲಿಂಪಿಕ್ಸ್‌ಗೆ ನೇರ ಪ್ರವೇಶ. ಆ ತಂಡದಲ್ಲಿದ್ದ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಸೇರಿ, ಎರಡು ವರ್ಷದ ಬಳಿಕ ರಿಯೊಗೆ ಹೋದ ಹದಿನಾರು ಮಂದಿಯಲ್ಲಿ ನಾಲ್ವರು ಕೊಡಗಿನವರು; ಉಳಿದಿಬ್ಬರು ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಇಡೀ ದೇಶದ ತಂಡದಲ್ಲಿ ನಾಲ್ಕರಲ್ಲೊಬ್ಬ ಒಂದೇ ಪುಟ್ಟ ಜಿಲ್ಲೆಯವನು!

ಐದು ವರ್ಷ ಕಳೆದು, 2021ರ ಆಗಸ್ಟಿನಲ್ಲಿ, ಟೋಕಿಯೊದಲ್ಲಿ ಭಾರತ 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ಗೆದ್ದಾಗ ಆ ತಂಡದಲ್ಲಿ ಕೊಡಗಿನ ಒಬ್ಬನೂ ಇರಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಬಂತು. ಆಗಲೂ ಇಲ್ಲ.

ಅದೇ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದ್ದವು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಎದೆ ಭಾರವಾಗುತ್ತದೆ. ಪ್ರೀತಿ ಹೆಚ್ಚುತ್ತಿದೆ, ಫಲ ಇಳಿಯುತ್ತಿದೆ. ಹಬ್ಬವನ್ನು ದೂರುವುದು ನನ್ನ ಉದ್ದೇಶವಲ್ಲ. ಹಬ್ಬ ಹುಟ್ಟಿದ್ದು ಮನೆಗಳನ್ನು ಒಗ್ಗೂಡಿಸಲು, ಆ ಕೆಲಸವನ್ನು ಅದು ಪೂರ್ತಿ ಮಾಡಿದೆ. ಒಲಿಂಪಿಕ್ ಆಟಗಾರನನ್ನು ತಯಾರಿಸುವ ಹೊಣೆಯನ್ನೂ ಅದರ ತಲೆಗೇ ಕಟ್ಟುವುದು ತಪ್ಪು. ಒಂದು ತಿಂಗಳು ಹುಲ್ಲು ಮಣ್ಣಿನ ಮೈದಾನದಲ್ಲಿ ನಡೆಯುವ ಆಟವದು. ಅಂತರರಾಷ್ಟ್ರೀಯ ಹಾಕಿ 1976ರ ಮಾಂಟ್ರಿಯಲ್‌ನಿಂದಲೇ ಕೃತಕ ಹುಲ್ಲಿಗೆ ಹೋಯಿತು. ಅಲ್ಲಿ ಚೆಂಡಿನ ವೇಗ ಬೇರೆ, ಬಾಗಿ ಓಡಬೇಕಾದ ಬೆನ್ನಿನ ಶಕ್ತಿ ಬೇರೆ, ವರ್ಷದ ಹನ್ನೆರಡೂ ತಿಂಗಳ ದುಡಿಮೆ ಬೇಕು. ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಕ್ರೀಡಾ ನಿಲಯಗಳು ಆ ಕೆಲಸ ಮಾಡುತ್ತಿವೆ. ಆದರೆ ಅಲ್ಲಿ ಕಲಿತ ಹುಡುಗನಿಗೂ ಹುಡುಗಿಗೂ ಮುಂದೆ ತಾಯ್ನೆಲದ ಹೆಸರು ಹೊತ್ತು ವೃತ್ತಿಪರವಾಗಿ ಆಡಲು ಒಂದು ತಂಡವಿಲ್ಲ.

ಇನ್ನೊಂದನ್ನೂ ಹೇಳಲೇಬೇಕು. ಕೊಡಗಿನ ಹಾಕಿ ಕೊಡವರದಷ್ಟೇ ಅಲ್ಲ. ಸುನಿಲ್ ಸೋಮವಾರಪೇಟೆಯ ಬಡಗಿ ಮನೆಯ ಮಗ. ಭಾರತಕ್ಕಾಗಿ 264 ಪಂದ್ಯ ಆಡಿದರು; ಬಲ ಅಂಚಿನಲ್ಲಿ ಅವರು ಓಡುತ್ತಿದ್ದ ಓಟಕ್ಕೆ ಎದುರಾಳಿ ರಕ್ಷಕರು ಬೆದರುತ್ತಿದ್ದರು. ಮನೆತನಗಳ ಹಬ್ಬದಲ್ಲಿ ಅವರಿಗೆ ಒಂದು ಒಕ್ಕವಿಲ್ಲ. ಅದು ಹಬ್ಬದ ದೋಷವಲ್ಲ, ಅದರ ಸ್ವರೂಪವೇ ಹಾಗೆ. ಅರೆಭಾಷೆ ಗೌಡ ಕುಟುಂಬಗಳೂ ತಮ್ಮದೇ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತವೆ. ಎಲ್ಲರೂ ತಂತಮ್ಮ ಅಂಗಳದಲ್ಲಿ ಚೆನ್ನಾಗಿ ಆಡುತ್ತಾರೆ. ಇಡೀ ಜಿಲ್ಲೆ ಒಟ್ಟಿಗೆ ನಿಂತು ಕೂಗಲು ಒಂದು ತಂಡ ಮಾತ್ರ ಇಲ್ಲ.

2024ರ ಕೊನೆಯಲ್ಲಿ ಹಾಕಿ ಇಂಡಿಯಾ ಲೀಗ್ ಏಳು ವರ್ಷಗಳ ನಂತರ ಮರಳಿತು. ಪುರುಷರ ಎಂಟು ತಂಡಗಳಲ್ಲಿ ತಮಿಳುನಾಡಿನದಿತ್ತು, ಹೈದರಾಬಾದಿನದಿತ್ತು, ಒಡಿಶಾದ್ದಿತ್ತು, ಬಂಗಾಳದ್ದಿತ್ತು. ಕರ್ನಾಟಕದ್ದು ಇರಲಿಲ್ಲ. 2025ರ ಫೆಬ್ರುವರಿ 1ರಂದು ರೂರ್ಕೆಲಾದಲ್ಲಿ ಬೆಂಗಾಲ್ ಟೈಗರ್ಸ್ ತಂಡ ಹೈದರಾಬಾದ್ ತೂಫಾನ್ಸ್ ಅನ್ನು 4–3ರಿಂದ ಸೋಲಿಸಿ ಕಪ್ ಎತ್ತಿತು. ರೂರ್ಕೆಲಾ ಇರುವುದು ಒಡಿಶಾದ ಸುಂದರಗಡ ಜಿಲ್ಲೆಯಲ್ಲಿ. ಕೊಡಗಿನಂತೆಯೇ ಮನೆಮನೆಯಲ್ಲೂ ಹಾಕಿ ಇರುವ ಜಿಲ್ಲೆಯದು. ದಿಲೀಪ್ ಟಿರ್ಕಿ ಅಲ್ಲಿಯವರು, ಟೋಕಿಯೊ ಕಂಚಿನ ಬೀರೇಂದ್ರ ಲಾಕ್ರಾ ಮತ್ತು ಅಮಿತ್ ರೋಹಿದಾಸ್ ಅಲ್ಲಿಯವರು. 2018ರಿಂದ ರಾಷ್ಟ್ರೀಯ ತಂಡದ ಪ್ರಾಯೋಜಕತ್ವ ವಹಿಸಿಕೊಂಡ ಒಡಿಶಾ ಸರ್ಕಾರ ಅಲ್ಲಿ ಮೈದಾನ ಕಟ್ಟಿತು, ತರಬೇತಿಗೆ ಹಣ ಸುರಿಯಿತು. ಸಾರ್ವಜನಿಕ ಸಂಸ್ಥೆಗಳು ಸೇರಿ ನಡೆಸಿದ ಕಳಿಂಗ ಲ್ಯಾನ್ಸರ್ಸ್ 2017ರಲ್ಲಿ ಇದೇ ಲೀಗನ್ನು ಗೆದ್ದಿತು. ಅಂದರೆ ಒಬ್ಬ ಉದ್ಯಮಿಯ ಜೇಬನ್ನೇ ನಂಬದೆಯೂ ಇಲ್ಲಿ ತಂಡ ನಡೆಸಬಹುದು, ಗೆಲ್ಲಬಹುದು.

ನನ್ನ ಮಾತು ಇಷ್ಟೆ: ಕೊಡಗಿನ ಜನರೇ ಒಡೆಯರಾದ ಒಂದು ವೃತ್ತಿಪರ ಹಾಕಿ ತಂಡ ಬೇಕು. ಷೇರಿನ ಮೇಲೆ ಲಾಭಾಂಶ ಬೇಡ, ಮಾರುವ ಹಕ್ಕು ಬೇಡ, ಯಾರಿಗೂ ದೊಡ್ಡ ಪಾಲು ಬೇಡ. ಮನೆಯಿಂದ ಮನೆಗೆ, ತಾಯಿಯಿಂದ ಮಗಳಿಗೆ ದಾಟುವ ಕಾಗದ ಸಾಕು. ಕೊಡವ, ಗೌಡ, ವಿಶ್ವಕರ್ಮ, ಯರವ, ಬ್ಯಾರಿ, ತೋಟದ ಕಾರ್ಮಿಕ, ಯಾರು ಬೇಕಾದರೂ ಕೊಳ್ಳುವಷ್ಟು ಕಡಿಮೆ ಬೆಲೆಗೆ ಅದು ಸಿಗಬೇಕು. ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಇರುವ ಕೊಡಗಿನವರಿಗೆ ಊರಿನೊಂದಿಗಿನ ನಂಟಿಗೆ ಇದಕ್ಕಿಂತ ಒಳ್ಳೆಯ ಹಗ್ಗ ಸಿಗಲಾರದು. ಹಣ ಎಲ್ಲಿಂದ ಎಂದು ಕೇಳುವವರು ಒಂದು ತಿಂಗಳ ಹಬ್ಬಕ್ಕಾಗಿ ಒಂದೊಂದು ಒಕ್ಕ ಎಷ್ಟು ಹೊಂದಿಸುತ್ತದೆ ಎಂಬುದನ್ನು ನೋಡಲಿ. ಸರ್ಕಾರವೂ ಹಬ್ಬಕ್ಕೆ ಅನುದಾನ ನೀಡುತ್ತ ಬಂದಿದೆ. ಸಹಕಾರ ಸಂಘಗಳಿಗೆ ಈ ಜಿಲ್ಲೆಯಲ್ಲಿ ಹಳೆಯ ಬೇರಿದೆ. ಸಾವಿರಾರು ಜನರ ಲೆಕ್ಕವನ್ನು ಪಾರದರ್ಶಕವಾಗಿ ಇಡುವುದು ಕೊಡಗಿಗೆ ಹೊಸ ವಿದ್ಯೆಯಲ್ಲ.

ಮೊದಲ ವರ್ಷ ತಂಡ ಸೋಲಬಹುದು, ಐದು ವರ್ಷ ಸೋಲಬಹುದು. ಕಪ್ ತಡವಾದರೂ ಚಿಂತೆಯಿಲ್ಲ. ಕೂಡಿಗೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಓಡುವ ಹುಡುಗಿಗೆ ತಾನು ಯಾವ ಜೆರ್ಸಿಗಾಗಿ ಓಡುತ್ತಿದ್ದೇನೆ ಎಂದು ಗೊತ್ತಿರಬೇಕು. ಕೊಡವ ಹಾಕಿ ಅಕಾಡೆಮಿ, ಜಿಲ್ಲೆಯ ಶಾಸಕರು, ಭಾರತಕ್ಕೆ ಆಡಿ ನಿವೃತ್ತರಾಗಿರುವ ಆಟಗಾರರು ಒಂದು ಮೇಜಿನ ಸುತ್ತ ಕೂರಲಿ. ಮುಂದಿನ ಹಬ್ಬದ ಫೈನಲ್ ದಿನ, ಸಾವಿರಾರು ಜನ ಸೇರಿರುವಾಗಲೇ, ಮೊದಲ ಷೇರುಗಳ ಮಾರಾಟ ಆರಂಭವಾಗಲಿ. 1997ರಲ್ಲಿ ಕುಟ್ಟಣಿಯವರ ಕರೆಗೆ 60 ಮನೆಗಳು ಓಗೊಟ್ಟಿದ್ದವು. ಈ ಕೆಲಸ ಶುರು ಮಾಡಲು ಅಷ್ಟೇ ಮನೆಗಳು ಸಾಕು.